ಫಿನ್ಲೆಂಡಿನ ‘ಇನ್ ದ ಶ್ಯಾಡೋಸ್’: ಒಂದು ಹಾಡು ಅಷ್ಟು ದೂರ ಹೋದದ್ದು ಹೇಗೆ?

ಇರುಳುಗಾಳಿ (ಚರ್ಚೆ ಆರಂಭಿಸಿದವರು)

ಫಿನ್ಲೆಂಡಿನ ರಾಕ್ ತಂಡ ದ ರಾಸ್ಮಸ್ ಹಾಡಿದ ‘ಇನ್ ದ ಶ್ಯಾಡೋಸ್’ಗೆ ಈ ವೇದಿಕೆಯಲ್ಲಿ ಪ್ರತ್ಯೇಕ ಚರ್ಚೆ ಬೇಕು ಎಂದು ಬಹಳ ಕಾಲದಿಂದ ಅನಿಸುತ್ತಿತ್ತು. ಬೇರೆ ಚರ್ಚೆಗಳಲ್ಲಿ ಈ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು “ಒಂದೇ ಹಾಡಿನ ತಂಡ” ಎನ್ನುತ್ತಾರೆ, ಇನ್ನೊಬ್ಬರು “ಅದೃಷ್ಟ ಕೂಡಿಬಂತು” ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಹಾಡು ಬಂದದ್ದು 2003ರಲ್ಲಿ. ಆದರೆ ತಂಡ ಹುಟ್ಟಿದ್ದು 1994ರಲ್ಲಿ, ಹೆಲ್ಸಿಂಕಿಯಲ್ಲಿ, ಶಾಲೆಗೆ ಹೋಗುವ ಹುಡುಗರ ಕೈಯಲ್ಲಿ. ಮೊದಲ ಆಲ್ಬಮ್ ‘ಪೀಪ್’ 1996ರಲ್ಲಿ ಬಂದಾಗ ಗಾಯಕ ಲೌರಿ ಯುಲೋನೆನ್‌ಗೆ ಹದಿನೇಳು ವರ್ಷ. ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ಆಲ್ಬಮ್‌ಗಳು ಬಂದವು. ಆ ಮೂರನ್ನೂ ಕೇಳಿದರೆ ಫಂಕ್ ಎಂಬ ಕುಣಿತದ ಲಯದ ಸಂಗೀತದ ಹುಚ್ಚಿನಲ್ಲಿ ಕುಣಿದಾಡುವ ಹುಡುಗರು ಕಾಣುತ್ತಾರೆಯೇ ಹೊರತು ಜಗತ್ತು ಆಮೇಲೆ ಗುರುತಿಸಿದ ಆ ಮಂಕು ಬೆಳಕಿನ ತಂಡವಲ್ಲ. 1999ರಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಯಾನ್ನೆ ಹೇಸ್ಕನೆನ್ ಹೊರಟುಹೋದರು, ಅಕಿ ಹಕಲ ಬಂದರು. ಅದುವರೆಗೆ ಬರಿಯ ‘ರಾಸ್ಮಸ್’ ಆಗಿದ್ದ ಹೆಸರಿಗೆ ‘ದ’ ಸೇರಿದ್ದು ಅದರ ನಂತರ. ಸ್ವೀಡನ್ನಿನಲ್ಲಿ ಅದೇ ಹೆಸರಿನ ಡಿಜೆ ಒಬ್ಬರಿದ್ದುದರಿಂದ ಗೊಂದಲ ಬೇಡವೆಂದು. ಆಲ್ಬಮ್ ಹೊರತರುವ ಕಂಪನಿಯೂ ಬದಲಾಯಿತು. 2001ರಲ್ಲಿ ‘ಇಂಟು’ ಬಂತು. ನಮ್ಮ ಹಾಡು ಇರುವುದು ಅದರ ಮುಂದಿನ ‘ಡೆಡ್ ಲೆಟರ್ಸ್’ನಲ್ಲಿ, ಅಂದರೆ ಐದನೆಯ ಆಲ್ಬಮ್‌ನಲ್ಲಿ. ಒಂಬತ್ತು ವರ್ಷ ದುಡಿದು, ನಾಲ್ಕು ಆಲ್ಬಮ್ ಮಾಡಿ, ಒಬ್ಬ ಸದಸ್ಯನನ್ನೂ ತಮ್ಮ ಮೊದಲ ಶೈಲಿಯನ್ನೂ ಬಿಟ್ಟುಕೊಟ್ಟ ಮೇಲೆ ಸಿಕ್ಕಿದ್ದನ್ನು ಅದೃಷ್ಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಪ್ರಶ್ನೆ ಇದು: ಅರ್ಧ ಕೋಟಿ ಜನರಿರುವ ದೇಶದ ಒಂದು ಹಾಡು ಯುರೋಪಿನ ಹಲವು ದೇಶಗಳ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ನುಗ್ಗಿತು, ಹೊರಗಿನವರಿಗೆ ಸುಲಭವಾಗಿ ಬಾಗಿಲು ತೆರೆಯದ ಬ್ರಿಟನ್ನಿನ ಪಟ್ಟಿಯಲ್ಲಿ 2004ರ ವಸಂತದಲ್ಲಿ ಮೂರನೆಯ ಸ್ಥಾನ ಪಡೆಯಿತು. ಅದರ ಶ್ರೇಯ ಹಾಡಿಗೆಷ್ಟು, ಹಾಡಿನ ಹಿಂದಿದ್ದ ವ್ಯವಸ್ಥೆಗೆಷ್ಟು?

ಬಾಸ್ ತಂತಿ

ಹಾಡಿನಿಂದಲೇ ಶುರು ಮಾಡೋಣ, ಏಕೆಂದರೆ ಹಾಡು ಗಟ್ಟಿಯಿಲ್ಲದಿದ್ದರೆ ವ್ಯವಸ್ಥೆಯ ಮಾತು ಬರುವುದೇ ಇಲ್ಲ.

ಮೈಸೂರಿನಲ್ಲಿ ಒಂದು ಸಣ್ಣ ತಂಡದಲ್ಲಿ ಬಾಸ್ ನುಡಿಸುತ್ತೇನೆ. ಈ ಹಾಡನ್ನು ವೇದಿಕೆಯ ಮೇಲೆ ನುಡಿಸಿದ ಅನುಭವದಿಂದ ಹೇಳುವುದಾದರೆ, ಅದರ ನಿಜವಾದ ಶಕ್ತಿ ಮಾತಿಲ್ಲದ ಆ “ಓ ಓ ಓ” ಆಲಾಪದಲ್ಲಿದೆ. ಅದು ಹಾಡಿನ ಹೊಸ್ತಿಲಲ್ಲೇ ನಿಂತಿದೆ. ಸಾಹಿತ್ಯ ಬರುವ ಮೊದಲೇ ಕೇಳುಗ ಹಾಡಲು ಶುರು ಮಾಡಿರುತ್ತಾನೆ. ಪೋಲೆಂಡಿನವನಾಗಲಿ ಮೆಕ್ಸಿಕೋದವನಾಗಲಿ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಇಡೀ ಹಾಡಿನಲ್ಲಿ ಜನರಿಗೆ ನೆನಪಿರುವುದು ಏನೆಂದು ಯಾರನ್ನಾದರೂ ಕೇಳಿ, ಮೊದಲು ಆ ಆಲಾಪವನ್ನೇ ಗುನುಗುತ್ತಾರೆ.

ಎರಡನೆಯದು ಚರಣಗಳ ಸಂಯಮ. ಯುಲೋನೆನ್ ಅಲ್ಲಿ ತಗ್ಗಿದ ದನಿಯಲ್ಲಿ, ಬಹುತೇಕ ತನಗೆ ತಾನೇ ಹೇಳಿಕೊಳ್ಳುವಂತೆ ಹಾಡುತ್ತಾರೆ. ಗಿಟಾರ್ ಕೂಡ ಬಿಗಿಹಿಡಿದುಕೊಂಡೇ ಇರುತ್ತದೆ. ಆಮೇಲೆ ಪಲ್ಲವಿ ಬಂದಾಗ ಎಲ್ಲವೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ಹೊಸ ತಂಡಗಳು ಇಲ್ಲಿ ಸಾಮಾನ್ಯವಾಗಿ ಎಡವುತ್ತವೆ: ಚರಣದಲ್ಲೇ ಪೂರ್ತಿ ಬಲ ಹಾಕಿಬಿಟ್ಟು ಪಲ್ಲವಿಗೆ ಏರಲು ಜಾಗವನ್ನೇ ಉಳಿಸಿಕೊಂಡಿರುವುದಿಲ್ಲ. ಇಲ್ಲಿ ಡ್ರಮ್ಸ್ ಮತ್ತು ಬಾಸ್ ಎಲ್ಲಿಯೂ ತಮ್ಮ ಚಾತುರ್ಯ ತೋರಿಸಲು ಹೋಗುವುದಿಲ್ಲ, ನೇರ ನಡಿಗೆ. ಫಂಕ್ ನುಡಿಸಿ ಪಳಗಿದ ಕೈಗಳು ಬೇಕೆಂದೇ ಸರಳವಾಗಿ ನುಡಿಸುತ್ತಿವೆ. ಬಾರದವರ ಸರಳತೆಗೂ ಬಂದವರ ಸರಳತೆಗೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ.

ಸಂಗೀತದ ಶ್ರೇಯದಲ್ಲಿ ನಾಲ್ವರ ಹೆಸರೂ ಇದೆ: ಯುಲೋನೆನ್, ಪೌಲಿ ರಂಟಸಲ್ಮಿ, ಏರೊ ಹೇನೊನೆನ್, ಅಕಿ ಹಕಲ. ಇದನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ, ಹೆಸರಿದ್ದವರಿಗೆ ಹಣದಲ್ಲೂ ಪಾಲಿರುತ್ತದೆ. ಹಣದ ವಿಷಯಕ್ಕೆ ಒಡೆದುಹೋದ ತಂಡಗಳನ್ನು ನೋಡಿದ್ದೇನೆ.

ಮಲೆನಾಡ ಮಂಜು

ಫಿನ್ಲೆಂಡಿನ ರಾಕ್ ಎಂದರೆ ನನಗೆ ಹಿಮ್ ತಂಡವೇ. ‘ಜಾಯಿನ್ ಮಿ’ 1999ರಲ್ಲೇ ಬಂದಿತ್ತು, ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ರಾಸ್ಮಸ್ ನಡೆದದ್ದು ಹಿಮ್ ತಂಡದ ಗಾಯಕ ವಿಲ್ಲೆ ವಾಲೊ ಕಡಿದ ದಾರಿಯಲ್ಲಿ. ವಾಲೊ ಅವರ ಕಂಠದ ಆಳ ಯುಲೋನೆನ್‌ಗೆ ಇಲ್ಲ. ಅಮೆರಿಕದಲ್ಲಿ ಮಾರಾಟಕ್ಕಾಗಿ ಚಿನ್ನದ ದರ್ಜೆ ಪಡೆದ ಮೊದಲ ಫಿನ್ನಿಶ್ ಆಲ್ಬಮ್ ಕೂಡ ಹಿಮ್ ತಂಡದ್ದೇ, 2005ರ ‘ಡಾರ್ಕ್ ಲೈಟ್’. 2017ರ ಕೊನೆಯ ರಾತ್ರಿ ಹೆಲ್ಸಿಂಕಿಯ ತವಾಸ್ತಿಯಾ ಎಂಬ ರಾಕ್ ಕ್ಲಬ್ಬಿನಲ್ಲಿ ಕೊನೆಯ ಕಛೇರಿ ನಡೆಸಿ ತಂಡ ಗೌರವದಿಂದ ತೆರೆ ಎಳೆಯಿತು. ಅಂಥ ಬದುಕು ಮತ್ತು ಅಂಥ ಮುಕ್ತಾಯ ಬೇರೆ ಎಷ್ಟು ತಂಡಗಳಿಗಿದೆ?

ಇರುಳುಗಾಳಿ

@ಮಲೆನಾಡ ಮಂಜು, ಹಿಮ್ ತಂಡದ ಮೇಲೆ ನನಗೂ ಅಷ್ಟೇ ಪ್ರೀತಿ. ಆದರೆ ದಾರಿ ಕಡಿದವರ ಲೆಕ್ಕ ತೆಗೆದರೆ ಇನ್ನೂ ಹಿಂದಕ್ಕೆ ಹೋಗಬೇಕು. 1980ರ ದಶಕದ ಆರಂಭದ ಹನೋಯ್ ರಾಕ್ಸ್ ಇಲ್ಲದಿದ್ದರೆ ಅಮೆರಿಕದ ಗನ್ಸ್ ಎನ್ ರೋಸಸ್ ತಂಡದ ಚಹರೆ ಬೇರೆಯೇ ಆಗಿರುತ್ತಿತ್ತು. 1984ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದ ಕಾರು ಅಪಘಾತದಲ್ಲಿ ಅವರ ಡ್ರಮ್ಮರ್ ರಾಝಲ್ ತೀರಿಕೊಂಡರು, ಮರುವರ್ಷ ತಂಡವೇ ಚದುರಿತು. ಗೆಲುವಿನ ಬಾಗಿಲಿಗೆ ಬಂದು ನಿಂತಿದ್ದವರ ಕಥೆ ಅದು. ಆಮೇಲೆ 2000ದಲ್ಲಿ ಡರೂಡೆಯ ‘ಸ್ಯಾಂಡ್‌ಸ್ಟಾರ್ಮ್’, ಬಾಂಫಂಕ್ ಎಂಸೀಸ್ ಅವರ ‘ಫ್ರೀಸ್ಟೈಲರ್’ ಎರಡೂ ಬ್ರಿಟನ್ನಿನ ಮೊದಲ ಮೂರರೊಳಗೆ ಬಂದವು. ಅವು ರಾಕ್ ಅಲ್ಲ, ನೃತ್ಯದ ಸಂಗೀತ. ಆದರೂ ಹೆಲ್ಸಿಂಕಿಯಿಂದ ಹೊರಡುವ ಹಾಡು ಲಂಡನ್ನಿನಲ್ಲಿ ಮಾರಾಟವಾಗಬಲ್ಲದು ಎಂಬುದನ್ನು ವ್ಯಾಪಾರಿಗಳಿಗೆ ಮನಗಾಣಿಸಿದವು.

ಹಾಗಾಗಿ ರಾಸ್ಮಸ್ ಖಾಲಿ ಮೈದಾನಕ್ಕೆ ಇಳಿದವರಲ್ಲ, ನಿಜ. ಆದರೆ ಹಿಮ್ ತಂಡದ ನೆರಳೆಂದು ಅವರನ್ನು ಬದಿಗೆ ಸರಿಸುವುದು ಅನ್ಯಾಯ. ಇಬ್ಬರೂ ಹೆಲ್ಸಿಂಕಿಯವರು, ಇಬ್ಬರದೂ ಕಪ್ಪು ಬಟ್ಟೆ ಎಂಬುದನ್ನು ಬಿಟ್ಟರೆ ಸಂಗೀತದ ಗುಣ ಬೇರೆ. ವಾಲೊ ಸಾವನ್ನೂ ಪ್ರೇಮವನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸುತ್ತಾರೆ. ಯುಲೋನೆನ್ ಬರೆಯುವುದು ಹುಡುಕಾಟದ ಬಗ್ಗೆ, ಕಾಯುವಿಕೆಯ ಬಗ್ಗೆ. ಏನೋ ಒಂದು ಕೈಗೆ ಸಿಗದೆ ನಿದ್ದೆ ಬಾರದವನ ತಳಮಳ ‘ಇನ್ ದ ಶ್ಯಾಡೋಸ್’ನಲ್ಲಿದೆ. ಹದಿನಾರು, ಹದಿನೇಳರ ವಯಸ್ಸಿನಲ್ಲಿ ಆ ತಳಮಳ ಯಾವ ದೇಶದವರಿಗೂ ಅರ್ಥವಾಗುತ್ತದೆ.

ಎಸ್ಪೋ ನಿವಾಸಿ

ಹೆಲ್ಸಿಂಕಿಯ ಪಕ್ಕದ ಎಸ್ಪೋದಲ್ಲಿ ಸಂಸಾರ ಸಮೇತ ಇದ್ದೇನೆ. ಇಲ್ಲಿ ನೋಕಿಯಾ ಮತ್ತಿತರ ಕಂಪನಿಗಳಿಗಾಗಿ ಬಂದ ಕನ್ನಡಿಗರು ಸಾಕಷ್ಟಿದ್ದಾರೆ. ವ್ಯವಸ್ಥೆಯ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ, ಏಕೆಂದರೆ ನನ್ನ ಮಗಳು ಅದೇ ವ್ಯವಸ್ಥೆಯಲ್ಲಿ ಡ್ರಮ್ಸ್ ಕಲಿಯುತ್ತಿದ್ದಾಳೆ.

ಇಲ್ಲಿ ಸಂಗೀತ ಶಾಲೆಗಳ ಜಾಲವಿದೆ. 1960ರ ದಶಕದ ಕೊನೆಯಲ್ಲಿ ಆದ ಕಾನೂನಿನಿಂದ ಸರ್ಕಾರದ ಮತ್ತು ನಗರಸಭೆಗಳ ಹಣ ಈ ಶಾಲೆಗಳಿಗೆ ಬರುತ್ತದೆ. ಪಾಲಕರು ಶುಲ್ಕ ಕೊಡುತ್ತಾರೆ, ಆದರೆ ನಿಜವಾದ ಖರ್ಚಿನ ಒಂದು ಭಾಗವನ್ನಷ್ಟೇ. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ನಗರಸಭೆಯ ಯುವಜನ ಕೇಂದ್ರಗಳು. ಹಲವು ಕೇಂದ್ರಗಳಲ್ಲಿ ಧ್ವನಿ ಹೊರಗೆ ಹೋಗದಂಥ ಕೋಣೆ ಇರುತ್ತದೆ, ಅಲ್ಲಿ ಡ್ರಮ್ಸ್, ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಹದಿನೈದರ ಹುಡುಗರು ನಾಲ್ವರು ಸೇರಿ ಹೆಸರು ಬರೆಸಿದರೆ ವಾರದಲ್ಲಿ ಇಷ್ಟು ಹೊತ್ತು ಎಂದು ಆ ಕೋಣೆ ಅವರದು. ತಂಡ ಕಟ್ಟಲು ಶ್ರೀಮಂತ ಅಪ್ಪ ಬೇಕಿಲ್ಲ, ನೆರೆಯವರ ಬೈಗುಳ ಕೇಳಬೇಕಿಲ್ಲ. ಜನಸಂಖ್ಯೆಗೆ ಹೋಲಿಸಿದರೆ ಹೆವಿ ಮೆಟಲ್ ತಂಡಗಳು ಜಗತ್ತಿನಲ್ಲೇ ಹೆಚ್ಚಿರುವ ದೇಶ ಇದು ಎನ್ನುತ್ತಾರಲ್ಲ, ಅದರ ಬೇರು ಇಂಥ ಕೋಣೆಗಳಲ್ಲೂ ಇದೆ.

ಕಲಿತವರು ನುಡಿಸಲು ಜಾಗ ಬೇಕು. ತವಾಸ್ತಿಯಾ ಕ್ಲಬ್ 1970ರಿಂದ ನಡೆಯುತ್ತಿದೆ. ತುರ್ಕು ನಗರದ ರುಯಿಸ್‌ರಾಕ್ ಉತ್ಸವವೂ 1970ರದ್ದೇ. ಬೇಸಿಗೆ ಬಂತೆಂದರೆ ಸಣ್ಣಪುಟ್ಟ ಊರುಗಳಲ್ಲೂ ರಾಕ್ ಜಾತ್ರೆ. ರಾಸ್ಮಸ್‌ನಂಥ ತಂಡ ಹೊರದೇಶಕ್ಕೆ ಕಾಲಿಡುವ ಹೊತ್ತಿಗೆ ಊರೂರಿನ ವೇದಿಕೆಗಳಲ್ಲಿ ಪಳಗಿರುತ್ತದೆ. 2002ರಲ್ಲಿ ಸಂಗೀತದ ರಫ್ತಿಗೆಂದೇ ಒಂದು ಸಂಸ್ಥೆಯೂ ಶುರುವಾಯಿತು, ಮ್ಯೂಸಿಕ್ ಎಕ್ಸ್‌ಪೋರ್ಟ್ ಫಿನ್ಲೆಂಡ್. ಕಾಗದ ರಫ್ತು ಮಾಡುವ ದೇಶ ಹಾಡಿನ ರಫ್ತನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡಿತು.

ಇರುಳುಗಾಳಿಯವರ ಪ್ರಶ್ನೆಗೆ ನನ್ನ ಉತ್ತರ: ಈ ವ್ಯವಸ್ಥೆ ‘ಇನ್ ದ ಶ್ಯಾಡೋಸ್’ ಅನ್ನು ಬರೆಯಲಿಲ್ಲ. ಆದರೆ ಅದನ್ನು ಬರೆದ ನಾಲ್ವರು ಒಂಬತ್ತು ವರ್ಷ ಸಂಗೀತ ಬಿಡದೆ ಉಳಿಯುವಂತೆ ಮಾಡಿತು.

ಸ್ವರಲಿಪಿ

ಧಾರವಾಡದಲ್ಲಿ ಸಿತಾರ್ ಕಲಿಸುತ್ತೇನೆ. ರಾಕ್ ಸಂಗೀತದ ಜ್ಞಾನ ಕಡಿಮೆ, ಆದರೆ ಶಿಷ್ಯರೊಬ್ಬರು ಈ ಚರ್ಚೆಯ ಕೊಂಡಿ ಕಳಿಸಿದ್ದರಿಂದ ಹಾಡನ್ನು ಗಮನವಿಟ್ಟು ಕೇಳಿದೆ. ಮೈನರ್ ಸ್ವರಶ್ರೇಣಿಯ, ಅಂದರೆ ವಿಷಾದದ ಛಾಯೆಯಿರುವ ಸ್ವರಸಾಲಿನ ಹಾಡು. ಪಾಶ್ಚಾತ್ಯರ ನ್ಯಾಚುರಲ್ ಮೈನರ್‌ನ ಸ್ವರಗಳು ಹಿಂದೂಸ್ತಾನಿಯ ಅಸಾವರಿ ಥಾಟ್‌ನವು, ಕರ್ನಾಟಕ ಪದ್ಧತಿಯಲ್ಲಿ ನಠಭೈರವಿಯವು. ಇದನ್ನೇ ಹಿಡಿದು “ಫಿನ್ಲೆಂಡಿನ ಹಾಡಿನಲ್ಲಿ ನಮ್ಮ ರಾಗ” ಎಂದು ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗವಾಗುವುದಿಲ್ಲ. ರಾಗ ಇರುವುದು ಸ್ವರದಿಂದ ಸ್ವರಕ್ಕೆ ಹೋಗುವ ನಡೆಯಲ್ಲಿ, ಗಮಕದಲ್ಲಿ, ಎಲ್ಲಿ ನಿಲ್ಲುತ್ತೇವೆ ಎಂಬುದರಲ್ಲಿ.

ಈ ಹಾಡಿನ ಬಲ ಬೇರೆ ಕಡೆ ಇದೆ. ಅದು ಸ್ವರಮೇಳದ ಮೇಲೆ, ಅಂದರೆ ಕಾರ್ಡ್‌ಗಳ ಸಾಲಿನ ಮೇಲೆ ನಿಂತಿದೆ. ಒಂದೇ ಮಧುರ ಎಳೆಯ ಕೆಳಗೆ ಕಾರ್ಡ್ ಬದಲಾದಾಗ ಅದೇ ಸ್ವರಕ್ಕೆ ಬೇರೆ ಭಾವ ಬರುತ್ತದೆ. ನಮ್ಮಲ್ಲಿ ತಂಬೂರಿ ಒಂದೇ ಆಧಾರದಲ್ಲಿ ಕೊನೆತನಕ ನಿಂತಿರುತ್ತದೆ, ಭಾವವನ್ನು ಬದಲಾಯಿಸುವ ಹೊಣೆಯೆಲ್ಲ ಕಲಾವಿದನು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ನ ಮೇಲೆ. ಎರಡೂ ದೊಡ್ಡ ಪದ್ಧತಿಗಳು. ಒಂದರ ಹಿರಿಮೆಯನ್ನು ಇನ್ನೊಂದರ ಅಳತೆಗೋಲಿನಿಂದ ಸಾಬೀತು ಮಾಡುವ ಅಗತ್ಯವಿಲ್ಲ.

ಆ ಆಲಾಪ ಮಾತ್ರ ನಿಜಕ್ಕೂ ಚೆನ್ನಾಗಿದೆ. ಬಾಸ್ ತಂತಿಯವರು ಹೇಳಿದ್ದನ್ನು ಒಪ್ಪುತ್ತೇನೆ.

ಹಿಮಪಾತ್ರೆ

ವರ್ಷದ ಅರ್ಧ ಕತ್ತಲೆ, ಹಿಮ, ಒಂಟಿತನ. ಅಂಥ ದೇಶದಿಂದ ದುಃಖದ ಹಾಡು ಬರದೆ ಇನ್ನೇನು ಬರುತ್ತದೆ? ಫಿನ್ಲೆಂಡಿನ ಸಂಗೀತವನ್ನು ಹವಾಮಾನವೇ ಬರೆದಿದೆ ಎಂಬುದು ನನ್ನ ಅನಿಸಿಕೆ.

ಎಸ್ಪೋ ನಿವಾಸಿ

ಈ ಮಾತನ್ನು ಇಲ್ಲಿಗೆ ಬರುವ ಪ್ರತಿ ಅತಿಥಿಯೂ ಹೇಳುತ್ತಾರೆ, ನಾನು ಬಲವಾಗಿ ಅಲ್ಲಗಳೆಯುತ್ತೇನೆ. ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ಸೂರ್ಯ ಆರು ಗಂಟೆಗಿಂತಲೂ ಕಡಿಮೆ ಹೊತ್ತು ಇರುತ್ತಾನೆ, ನಿಜ. ಸ್ಟಾಕ್‌ಹೋಮ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಅದೇ ಕತ್ತಲೆಯಿಂದ ಸ್ವೀಡನ್ನಿಗೆ ಪಾಪ್ ತಂಡ ಅಬ್ಬಾ ಬಂತು, ಪಾಪ್ ಹಾಡುಗಳ ರಚನಕಾರ ಮ್ಯಾಕ್ಸ್ ಮಾರ್ಟಿನ್ ಬಂದರು, ಜಗತ್ತನ್ನು ಕುಣಿಸಿದ ಹಾಡುಗಳು ಬಂದವು. ಕತ್ತಲೆಯೇ ಕಾರಣವಾಗಿದ್ದರೆ ಸ್ವೀಡನ್ ಕೂಡ ಅಳುತ್ತಿರಬೇಕಿತ್ತಲ್ಲ?

ಫಿನ್ನರ ವಿಷಾದ ಹವಾಮಾನಕ್ಕಿಂತ ಹೆಚ್ಚಾಗಿ ಒಂದು ಸಂಗೀತ ಪರಂಪರೆ. ಅದರ ಮುಖ್ಯ ಸಾಕ್ಷಿ ಟ್ಯಾಂಗೊ. ಅರ್ಜೆಂಟೀನಾದ ಈ ನೃತ್ಯ 1910ರ ದಶಕದಲ್ಲೇ ಇಲ್ಲಿಗೆ ಬಂದು, ಎರಡನೆಯ ಮಹಾಯುದ್ಧದ ನಂತರ ಸಂಪೂರ್ಣ ಫಿನ್ನಿಶ್ ಆಯಿತು. ಉಂಟೊ ಮೊನೊನೆನ್ ರಚಿಸಿದ ‘ಸತುಮಾ’ ಎಂಬ ಟ್ಯಾಂಗೊವನ್ನು 1962ರಲ್ಲಿ ರೇಯೊ ತಾಯ್ಪಲೆ ಹಾಡಿದರು. ಇಂದಿಗೂ ಅದು ದೇಶದ ಎರಡನೆಯ ನಾಡಗೀತೆಯಂತೆ. ಬಹುಪಾಲು ಫಿನ್ನಿಶ್ ಟ್ಯಾಂಗೊಗಳು ಮೈನರ್‌ನಲ್ಲಿವೆ, ಕೈಗೆ ಸಿಗದ ನೆಲದ, ಕೈಬಿಟ್ಟುಹೋದ ಪ್ರೇಮದ ಹಾಡುಗಳು. ಆದರೆ ಅವುಗಳಿಗೆ ಜನ ಕುಣಿಯುವುದು ಎಲ್ಲಿ? ಬೇಸಿಗೆಯಲ್ಲಿ, ಕೆರೆಯ ದಂಡೆಯ ಮರದ ಮಂಟಪಗಳಲ್ಲಿ, ರಾತ್ರಿ ಹತ್ತಕ್ಕೂ ಬೆಳಕಿರುವಾಗ, ಜೋಡಿಯಾಗಿ. ಸೇನಾಯೋಕಿ ಎಂಬ ಊರಿನಲ್ಲಿ 1985ರಿಂದ ಟ್ಯಾಂಗೊ ಜಾತ್ರೆಯೇ ನಡೆಯುತ್ತದೆ.

ಎಂದರೆ ಇವರಿಗೆ ವಿಷಾದದ ಹಾಡು ಒಂಟಿಯಾಗಿ ಮೂಲೆಯಲ್ಲಿ ಕೂತು ಕೇಳುವಂಥದ್ದಲ್ಲ. ನಾಲ್ಕು ಜನರೊಂದಿಗೆ, ಕಾಲು ಹಾಕುತ್ತಾ ಹಂಚಿಕೊಳ್ಳುವಂಥದ್ದು. ‘ಇನ್ ದ ಶ್ಯಾಡೋಸ್’ ಕೂಡ ಹಾಗೆಯೇ ಇದೆ: ಮಾತು ತಳಮಳದ್ದು, ತಾಳ ಕುಣಿಸುವಂಥದ್ದು. ನನಗೆ ಅದು ಟ್ಯಾಂಗೊ ಮಂಟಪದ ಮೊಮ್ಮಗನ ಹಾಗೆ ಕೇಳಿಸುತ್ತದೆ. ತಂಡದವರು ಹಾಗೆ ಹೇಳಿಲ್ಲ, ಇದು ನನ್ನ ಕಿವಿಯ ಮಾತು.

ನುಡಿಗಟ್ಟು

ಎಲ್ಲರೂ ಒಂದು ಮುಖ್ಯ ವಿಷಯವನ್ನು ದಾಟಿ ಹೋಗುತ್ತಿದ್ದೀರಿ. ಇವರು ಹಾಡಿದ್ದು ಇಂಗ್ಲಿಷಿನಲ್ಲಿ! ಹಿಮ್ ಕೂಡ ಇಂಗ್ಲಿಷ್, ನೈಟ್‌ವಿಶ್ ಕೂಡ ಹೆಚ್ಚಾಗಿ ಇಂಗ್ಲಿಷ್, 2006ರಲ್ಲಿ ಅಥೆನ್ಸ್‌ನಲ್ಲಿ 292 ಅಂಕ ಗಳಿಸಿ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯುರೋವಿಷನ್‌ನಲ್ಲಿ ಫಿನ್ಲೆಂಡಿಗೆ ಮೊದಲ ಗೆಲುವು ತಂದ ಲಾರ್ಡಿ ತಂಡವೂ ಇಂಗ್ಲಿಷ್. ಫಿನ್ನಿಶ್ ಭಾಷೆಯಲ್ಲೇ ಹಾಡಿ ತಾಯ್ನಾಡಿನಲ್ಲಿ ದೊಡ್ಡ ಹೆಸರು ಮಾಡಿದ ಎಪ್ಪು ನೊರ್ಮಾಲಿಯಂಥ ತಂಡಗಳನ್ನು ಗಡಿಯಾಚೆ ಯಾರು ಬಲ್ಲರು? 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ, ಫಿನ್ಲೆಂಡಿನ ಇಡೀ ಜನಸಂಖ್ಯೆಯ ಏಳೆಂಟು ಪಟ್ಟು. ನಮ್ಮ ಬೆಂಗಳೂರಿನ ತಂಡಗಳು “ನೋಡಿ, ಫಿನ್ಲೆಂಡಿನವರೂ ಇಂಗ್ಲಿಷಿನಲ್ಲೇ ಹಾಡಿದರು” ಎಂದು ಇದನ್ನೇ ನೆಪ ಮಾಡಿಕೊಳ್ಳುತ್ತವೆ. ನನಗೆ ಅದು ನೋವಿನ ವಿಷಯ.

ಬಾಸ್ ತಂತಿ

ನೋವು ಅರ್ಥವಾಗುತ್ತದೆ. ಆದರೂ ತಂಡದ ಮೇಲೆ ತಪ್ಪು ಹೊರಿಸಲು ನನಗಾಗದು. ಐವತ್ತು ಲಕ್ಷ ಜನರ ಮಾರುಕಟ್ಟೆಯಲ್ಲಿ ನಾಲ್ಕು ಜನ ಜೀವನವಿಡೀ ಸಂಗೀತದಿಂದಲೇ ಬದುಕಬೇಕೆಂದರೆ ಹೊರಗೆ ನೋಡಲೇಬೇಕು. ನಮಗೆ ಆ ಒತ್ತಡವಿಲ್ಲ. ನಮ್ಮದೇ ಭಾಷೆಯಲ್ಲಿ ಕೋಟಿಗಟ್ಟಲೆ ಕೇಳುಗರಿದ್ದಾರೆ, ಹಾಗಾಗಿ ಅವರ ಉದಾಹರಣೆ ನಮ್ಮ ತಂಡಗಳಿಗೆ ನೆಪವಾಗಲಾರದು. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ತ್ವಪದವನ್ನು ತಮ್ಮ ಮೊದಲ ಆಲ್ಬಮ್‌ನಲ್ಲೇ ಇಟ್ಟುಕೊಂಡು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ತನಕ ಹೋಗಿ ಬಂದರು. ಪಂಚೆ ಉಟ್ಟು, ಗೆಜ್ಜೆ ಕಟ್ಟಿಕೊಂಡು.

ಎಸ್ಪೋ ನಿವಾಸಿ

ನುಡಿಗಟ್ಟು ಅವರೇ, 2023ರ ಯುರೋವಿಷನ್ ನೆನಪಿಸಿಕೊಳ್ಳಿ. ಲಿವರ್‌ಪೂಲ್‌ನಲ್ಲಿ ಕ್ಯಾರಿಯಾ ಎಂಬ ಗಾಯಕ ‘ಚಾ ಚಾ ಚಾ’ವನ್ನು ಫಿನ್ನಿಶ್ ಭಾಷೆಯಲ್ಲೇ ಹಾಡಿ ಎರಡನೆಯ ಸ್ಥಾನ ಪಡೆದರು. ಜನರ ಮತಗಳಲ್ಲಂತೂ ಅವರೇ ಮೊದಲಿಗರು, 376 ಅಂಕ. ಸಭಾಂಗಣದಲ್ಲಿ ಫಿನ್ನಿಶ್ ಬಾರದ ಸಾವಿರಾರು ಜನ ಜೊತೆಗೆ ಕೂಗುತ್ತಿದ್ದರು. 2003ರಲ್ಲಿ ರೇಡಿಯೊ ಕೇಂದ್ರದವರೂ ಸಂಗೀತ ವಾಹಿನಿಯವರೂ ಯಾವ ಭಾಷೆ ನಡೆಯುತ್ತದೆಂದು ತೀರ್ಮಾನಿಸುತ್ತಿದ್ದರು. ಈಗ ಕೇಳುಗರು ನೇರವಾಗಿ ಆರಿಸಿಕೊಳ್ಳುತ್ತಾರೆ. ಅಂದಿನ ತಂಡದ ಆಯ್ಕೆಯನ್ನು ಇಂದಿನ ಅನುಕೂಲದಿಂದ ಅಳೆಯುವುದು ಸರಿಯಲ್ಲ.

ನುಡಿಗಟ್ಟು

ಕ್ಯಾರಿಯಾ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಸ್ವಂತ ಭಾಷೆಯಲ್ಲಿ ಹಾಡಿದವನನ್ನೂ ಜಗತ್ತು ಕೇಳಿತು ಎಂದಾಯಿತು. ನನ್ನ ಸಿಟ್ಟು ರಾಸ್ಮಸ್ ಮೇಲಲ್ಲ, ಅವರನ್ನು ಸಾಕ್ಷಿಗೆ ಕರೆಯುವ ನಮ್ಮವರ ಮೇಲೆ.

ಕೃತಿಸ್ವಾಮ್ಯ

ವಕೀಲೆ. ಹಾಡುಗಳ ಹಕ್ಕುಗಳ ವಿಷಯವೇ ನನ್ನ ವೃತ್ತಿ. ಇಲ್ಲಿ ಯಾರೂ ಪ್ರಸ್ತಾಪಿಸದ ಒಂದು ಸಂಗತಿಯಿದೆ, ನನಗೆ ಅದೇ ಈ ಹಾಡಿನ ಅತ್ಯಂತ ರೋಚಕ ಭಾಗ.

ಫಿನ್ಲೆಂಡಿನಲ್ಲಿ ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಸಂಸ್ಥೆ ತೆಒಸ್ತೊ, 1928ರಲ್ಲಿ ಸ್ಥಾಪನೆಯಾದದ್ದು. ಜರ್ಮನಿಯ ರೇಡಿಯೊ ಕೇಂದ್ರವೊಂದು ಫಿನ್ನಿಶ್ ಹಾಡನ್ನು ಹಾಕಿದರೆ ಅಲ್ಲಿನ ಸೋದರ ಸಂಸ್ಥೆ ಹಣ ವಸೂಲಿ ಮಾಡಿ ತೆಒಸ್ತೊಗೆ ಕಳಿಸುತ್ತದೆ, ಅಲ್ಲಿಂದ ಅದು ಸಂಯೋಜಕನಿಗೆ ತಲುಪುತ್ತದೆ. ಹೀಗೆ ವಿದೇಶಗಳಿಂದ ಬರುವ ಪ್ರದರ್ಶನ ರಾಯಧನದಲ್ಲಿ ದಶಕಗಳ ಕಾಲ ಮುಂದಿದ್ದವರು ಜಾನ್ ಸಿಬೆಲಿಯಸ್. ‘ಫಿನ್ಲಾಂಡಿಯಾ’ ಬರೆದ, ದೇಶದ ಆತ್ಮವೆಂದೇ ಜನ ಭಾವಿಸುವ ಸಂಯೋಜಕ. ಅವರನ್ನು ಹಿಂದಿಕ್ಕಿದ ಹಾಡು ‘ಇನ್ ದ ಶ್ಯಾಡೋಸ್’.

“ತೀರಿಹೋದವರೊಂದಿಗೆ ಸ್ಪರ್ಧೆಯೇನು” ಎನ್ನಬೇಡಿ. ಸಿಬೆಲಿಯಸ್ ನಿಧನರಾದದ್ದು 1957ರಲ್ಲಿ. ಯುರೋಪಿನ ಕಾನೂನಿನಂತೆ ರಚನಕಾರ ತೀರಿಕೊಂಡ ನಂತರವೂ ಎಪ್ಪತ್ತು ವರ್ಷ ಹಕ್ಕು ಜೀವಂತ. ಎಂದರೆ 2027ರ ಕೊನೆಯವರೆಗೆ ಅವರ ಕೃತಿಗಳಿಗೆ ರಾಯಧನ ಬರುತ್ತದೆ. ಜಗತ್ತಿನ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ಅವರನ್ನು ನುಡಿಸುತ್ತಲೇ ಇವೆ. ನಿಜವಾದ, ನಡೆಯುತ್ತಿರುವ ಆದಾಯದ ಜೊತೆಗಿನ ಹೋಲಿಕೆ ಇದು. ಮತ್ತೊಂದು ಸಂಗತಿಯನ್ನೂ ನೋಡಿ: ಸಿಬೆಲಿಯಸ್‌ರ ‘ವಾಲ್ಸ್ ತ್ರಿಸ್ತ್’ ಲೋಕಪ್ರಿಯವಾಯಿತು, ಆದರೆ ಅದರ ಹಕ್ಕನ್ನು ಅವರು ಮೊದಲೇ ಪ್ರಕಾಶಕರಿಗೆ ಅಗ್ಗಕ್ಕೆ ಮಾರಿಬಿಟ್ಟಿದ್ದರು. ನೂರು ವರ್ಷಗಳ ನಂತರ ಅದೇ ದೇಶದ ನಾಲ್ವರು ಹುಡುಗರ ಹಾಡು ಎಲ್ಲಿ ಮೊಳಗಿದರೂ ಪಾಲು ಮನೆಗೆ ಬರುತ್ತಿತ್ತು. ಆ ನೂರು ವರ್ಷಗಳಲ್ಲಿ ಸಂಯೋಜಕರು ಸಂಘಟಿತರಾದದ್ದರ ಫಲ ಅದು.

ಇರುಳುಗಾಳಿ

ಇದನ್ನು ಓದಿ ಬಹಳ ಸಂತೋಷವಾಯಿತು. ನಮ್ಮ ಕನ್ನಡ ಚಿತ್ರಗೀತೆಗಳ ವಿಷಯದಲ್ಲಿ ಈ ವ್ಯವಸ್ಥೆ ಹೇಗಿದೆ?

ಕೃತಿಸ್ವಾಮ್ಯ

ಸಂಕ್ಷೇಪವಾಗಿ: ನಮ್ಮಲ್ಲೂ ರಾಯಧನ ಸಂಗ್ರಹಿಸಲು 1969ರಿಂದ ಐಪಿಆರ್‌ಎಸ್ ಇದೆ. ಆದರೆ ಬಹಳ ಕಾಲ ಚಿತ್ರಸಾಹಿತಿ, ಸಂಗೀತ ನಿರ್ದೇಶಕರು ಒಂದು ಬಾರಿಯ ಸಂಭಾವನೆ ಪಡೆದು ಎಲ್ಲ ಹಕ್ಕನ್ನೂ ನಿರ್ಮಾಪಕರಿಗೋ ಕ್ಯಾಸೆಟ್ ಕಂಪನಿಗೋ ಬರೆದುಕೊಡುವುದೇ ವಾಡಿಕೆಯಾಗಿತ್ತು. ಕೃತಿಸ್ವಾಮ್ಯ ಕಾನೂನಿನ 2012ರ ತಿದ್ದುಪಡಿಯ ನಂತರ ರಾಯಧನದಲ್ಲಿ ತಮ್ಮ ಸಮಪಾಲನ್ನು ಅವರು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಮತ್ತು ಸಂಗ್ರಹ ಸಂಸ್ಥೆಗೆ ಮಾತ್ರ ವಹಿಸಬಹುದು. ಹೊಸಬರು ಇಲ್ಲಿ ಓದುತ್ತಿದ್ದರೆ, ಸದಸ್ಯತ್ವಕ್ಕೆ ಅರ್ಜಿ ಹಾಕಿ, ಪ್ರತಿ ಕೃತಿಯನ್ನೂ ನೋಂದಾಯಿಸಿ. ಕಾನೂನಿದ್ದರೂ ನೋಂದಾಯಿಸದ ಹಾಡಿಗೆ ಯಾರೂ ಹಣ ಕಳಿಸುವುದಿಲ್ಲ.

ಪಟ್ಟಿಕಾರ

ಇನ್ನೊಂದು ತಕರಾರು. ಹಾಡು ಫಿನ್ಲೆಂಡಿನದು ಎನ್ನುತ್ತೀರಿ. ಧ್ವನಿಮುದ್ರಣ ನಡೆದದ್ದು ಸ್ಟಾಕ್‌ಹೋಮ್‌ನ ನಾರ್ಡ್ ಸ್ಟುಡಿಯೊದಲ್ಲಿ. ನಿರ್ಮಿಸಿದವರು ಮಿಕಾಯೆಲ್ ನಾರ್ಡ್ ಆಂಡರ್ಸನ್ ಮತ್ತು ಮಾರ್ಟಿನ್ ಹಾನ್ಸೆನ್. ಕಂಪನಿ ಪ್ಲೇಗ್ರೌಂಡ್ ಮ್ಯೂಸಿಕ್ ಕೂಡ ಸ್ವೀಡನ್ ಮೂಲದ್ದು. ಉತ್ತರ ಯುರೋಪಿನ ಹೊರಗೆ ಹಂಚಿದ್ದು ಯೂನಿವರ್ಸಲ್. ಪಲ್ಲವಿಯ ಆ ಹೊಳಪು ಸ್ವೀಡನ್ನಿನ ಪಾಪ್ ಕಾರ್ಖಾನೆಯದು ಎಂದು ನಾನು ನಂಬುತ್ತೇನೆ.

ಇರುಳುಗಾಳಿ

ಮಾಹಿತಿಯೆಲ್ಲ ಸರಿ, ತೀರ್ಮಾನ ಸರಿಯಲ್ಲ. ಅದೇ ಇಬ್ಬರು ನಿರ್ಮಾಪಕರು ಅದಕ್ಕೂ ಹಿಂದಿನ ‘ಇಂಟು’ ಆಲ್ಬಮ್‌ನಲ್ಲೂ ಇದ್ದರು. ಅದು ತಾಯ್ನಾಡಿನಲ್ಲಿ ಚೆನ್ನಾಗಿ ಹೋಯಿತು, ಹೊರಗೆ ಇಷ್ಟು ದೊಡ್ಡ ಅಲೆ ಎಬ್ಬಿಸಲಿಲ್ಲ. ಕಾರ್ಖಾನೆಯೇ ಕಾರಣವಾಗಿದ್ದರೆ 2001ರಲ್ಲೇ ಆಗಬೇಕಿತ್ತು. ಎರಡು ಆಲ್ಬಮ್‌ಗಳ ನಡುವೆ ಬದಲಾದದ್ದು ಹಾಡುಗಳು. ಸ್ವೀಡನ್ನಿನವರ ಕೈ ಹಾಡನ್ನು ಒಪ್ಪ ಮಾಡಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ತಳಮಳವನ್ನು ಸ್ಟುಡಿಯೊ ಬಾಡಿಗೆಗೆ ಕೊಡಲಾರದು.

ಯೂನಿವರ್ಸಲ್ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ. ಫಿನ್ಲೆಂಡಿನಲ್ಲಿ 2003ರ ಆರಂಭದಲ್ಲಿ ಬಂದ ಹಾಡು ಬ್ರಿಟನ್ನಿನಲ್ಲಿ ಗೆದ್ದದ್ದು ಸುಮಾರು ಒಂದು ವರ್ಷದ ನಂತರ. ಒಂದೊಂದು ದೇಶಕ್ಕೂ ಸರದಿಯಂತೆ ಹಾಡನ್ನು ಒಯ್ದು, ಅಲ್ಲಿನ ರೇಡಿಯೊಗೆ, ಅಲ್ಲಿನ ವೇದಿಕೆಗೆ ಪರಿಚಯಿಸುವಷ್ಟು ತಾಳ್ಮೆ ಮತ್ತು ಹಣ ಎರಡೂ ದೊಡ್ಡ ಕಂಪನಿಯವು. ವಿಡಿಯೊ ಕೂಡ ಒಂದಲ್ಲ, ಬೇರೆ ಬೇರೆ ಮಾರುಕಟ್ಟೆಗೆ ಬೇರೆ ಬೇರೆ.

ಮಲೆನಾಡ ಮಂಜು

ನಾನು ನೋಡಿದ್ದು ಕನ್ನಡಿಯ ವಿಡಿಯೊ. ಹಳೆಯ ಕಾಲದ ಬಂಗಲೆಯ ಕೆಲಸದ ಹುಡುಗಿಗೆ ಕನ್ನಡಿಯೊಳಗೆ ಈ ತಂಡ ನುಡಿಸುವುದು ಕಾಣುತ್ತದೆ. ಯುಲೋನೆನ್ ಕೂದಲಲ್ಲಿ ಕಾಗೆಯ ಗರಿ. ಆ ಗರಿ ಸಿಕ್ಕಿಸಿಕೊಂಡ ಹುಡುಗರನ್ನು ನಮ್ಮ ಶಿವಮೊಗ್ಗದ ಕಾಲೇಜಿನಲ್ಲೂ ಕಂಡಿದ್ದೇನೆ. ಹಿಮ್ ಮೇಲಿನ ನನ್ನ ಪಕ್ಷಪಾತ ಹಾಗೇ ಇದೆ, ಆದರೆ ಆ ವಿಡಿಯೊವನ್ನು ಇಂದು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ.

ಹಿಮಪಾತ್ರೆ

ಈಗ ಈ ತಂಡ ಇದೆಯೇ? ಆ ಹಾಡಿನ ನಂತರ ಏನಾಯಿತು?

ಇರುಳುಗಾಳಿ

ಇದೆ, ನುಡಿಸುತ್ತಲೇ ಇದೆ. “ಒಂದೇ ಹಾಡು” ಎನ್ನುವವರಿಗೆ ನಾನು ಹೇಳಬೇಕೆಂದಿದ್ದದ್ದೂ ಇದೇ. 2005ರಲ್ಲಿ ‘ಹೈಡ್ ಫ್ರಂ ದ ಸನ್’, 2008ರಲ್ಲಿ ಅಮೆರಿಕದ ಡೆಸ್ಮಂಡ್ ಚೈಲ್ಡ್ ಜೊತೆಗೂಡಿ ‘ಬ್ಲ್ಯಾಕ್ ರೋಸಸ್’. 2022ರಲ್ಲಿ ಗಿಟಾರ್‌ನ ರಂಟಸಲ್ಮಿ ತಂಡ ಬಿಟ್ಟರು, ಆ ಜಾಗಕ್ಕೆ ಎಮಿಲಿಯಾ ಸುಹೊನೆನ್ ಬಂದರು. ಅದೇ ವರ್ಷ ತುರಿನ್‌ನಲ್ಲಿ ನಡೆದ ಯುರೋವಿಷನ್‌ನಲ್ಲಿ ‘ಜೆಜೆಬೆಲ್’ ಹಾಡಿ 21ನೆಯ ಸ್ಥಾನ ಪಡೆದರು. ಗೆದ್ದದ್ದು ಉಕ್ರೇನಿನ ಕಲುಶ್ ಆರ್ಕೆಸ್ಟ್ರಾ. ಅವರ ದೇಶದ ಮೇಲೆ ಯುದ್ಧ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ. ಅಲ್ಲಿ ಬೆಳೆದ ಒಡನಾಟದಿಂದ ಆ ವರ್ಷದ ಅಕ್ಟೋಬರ್‌ನಲ್ಲಿ ಎರಡೂ ತಂಡಗಳು ಸೇರಿ ‘ಇನ್ ದ ಶ್ಯಾಡೋಸ್ ಆಫ್ ಉಕ್ರೇನ್’ ಎಂಬ ಹೊಸ ರೂಪವನ್ನು ಹೊರತಂದವು. ಹಳೆಯ ಪಲ್ಲವಿಯ ಜೊತೆ ಉಕ್ರೇನಿನ ಭಾಷೆಯ ರ‍್ಯಾಪ್, ಅಲ್ಲಿನ ಜಾನಪದ ಕೊಳಲು. ಹದಿಹರೆಯದ ತಳಮಳವಾಗಿ ಕೇಳಿದ್ದ ಕಾಯುವಿಕೆ ಅಲ್ಲಿ ಯುದ್ಧದ ನಡುವಿನ ಕಾಯುವಿಕೆಯಾಗಿ ಕೇಳಿಸುತ್ತದೆ. ಹೊಸ ಅರ್ಥ ಹೊರಬಲ್ಲಷ್ಟು ಗಟ್ಟಿಯಾಗಿದೆ ಆ ಪಲ್ಲವಿ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಸ್ವರಲಿಪಿ

ಆ ಕೊಳಲಿನ ರೂಪವನ್ನು ಈಗಲೇ ಕೇಳಿದೆ. ನನಗೆ ಮೂಲಕ್ಕಿಂತ ಇದೇ ಹೆಚ್ಚು ಇಷ್ಟವಾಯಿತು. ಹೊಸಬನಾಗಿ ಕೇಳುತ್ತಿದ್ದೇನೆ, ತಂಡದ ಯಾವ ಆಲ್ಬಮ್‌ನಿಂದ ಶುರು ಮಾಡಲಿ?

ಎಸ್ಪೋ ನಿವಾಸಿ

ಮೊದಲು ‘ಇಂಟು’, ಆಮೇಲೆ ‘ಡೆಡ್ ಲೆಟರ್ಸ್’, ಈ ಕ್ರಮದಲ್ಲೇ. ‘ಡೆಡ್ ಲೆಟರ್ಸ್’ನಲ್ಲಿ ‘ಫ್ಯೂನರಲ್ ಸಾಂಗ್’ ಬಂದಾಗ ತಂತಿವಾದ್ಯಗಳ ಕಡೆ ಕಿವಿ ಕೊಡಿ. ‘ಪೀಪ್’ ಅನ್ನು ಕೊನೆಗೆ ಇಟ್ಟು, ಅದನ್ನು ಕೇಳುವಾಗ ಹಾಡುತ್ತಿರುವವನಿಗೆ ಹದಿನೇಳು ವರ್ಷ ಎಂಬುದನ್ನು ನೆನಪಿಡಿ. ಮುಂದಿನ ವಾರ ಫಿನ್ನಿಶ್ ಟ್ಯಾಂಗೊಗಳ ಒಂದು ಪಟ್ಟಿಯನ್ನೂ ಇಲ್ಲಿ ಹಾಕುತ್ತೇನೆ, ಮೈನರ್‌ನ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುವ ಆಸೆಯಿದೆ.